ಮನೆಗೆ ಯಾವ ಗಾಡಿ? ಎತ್ತಿನ ಗಾಡಿಯಿಂದ ಪಿಕಪ್‌ವರೆಗೆ ಒಂದು ಕಥೆ

ಪೇಪರ್‌ನವರು ಅಂದಮೇಲೆ ಎಲ್ಲ ಗೊತ್ತಿರುತ್ತೆ ಎಂಬ ನಂಬಿಕೆ ನಮ್ಮ ಕೋಲಾರದ ಕಡೆ ಹಳ್ಳಿಗಳಲ್ಲಿ ಇನ್ನೂ ಇದೆ. ಪಹಣಿ ತಿದ್ದುಪಡಿ ಯಾಕೆ ಆಗಿಲ್ಲ, ಪಿಂಚಣಿ ಯಾಕೆ ನಿಂತಿತು, ಎಲ್ಲವನ್ನೂ ನಮ್ಮನ್ನೇ ಕೇಳುತ್ತಾರೆ. ಹೋದ ಟೊಮೆಟೊ ಸೀಸನ್ನಿನಲ್ಲಿ ಬೆಲೆ ಬಿದ್ದ ಸುದ್ದಿ ಬರೆಯಲು ಒಂದು ಮನೆಗೆ ಹೋಗಿದ್ದೆವು. ನಾಲ್ಕು ಎಕರೆ ಜಮೀನು, ಒಂದು ಬೋರ್‌ವೆಲ್, ಮೂರು ಸೀಮೆಹಸು. ದೊಡ್ಡ ಮಗ ಬೇಸಾಯ, ಚಿಕ್ಕವನು ನರಸಾಪುರದಲ್ಲಿ ಕಂಪನಿ ಕೆಲಸ. ಬೆಲೆಯ ಮಾತು ಮುಗಿದಮೇಲೆ ಮನೆಯ ಅಮ್ಮ ಕಾಫಿ ಕೊಡುತ್ತಾ ಕೇಳಿದರು: "ಅದಿರಲಿ, ನೀವು ಊರೂರು ತಿರುಗೋರು. ನಮ್ಮನೆಗೆ ಯಾವ ಗಾಡಿ ಸರಿಹೋಗುತ್ತೆ ಹೇಳ್ರಪ್ಪಾ."

ಅಣ್ಣ ತಮ್ಮಂದಿರ ನಡುವೆ ಆಗಲೇ ಜಗಳ ನಡೆದಿತ್ತು. ಅಣ್ಣನಿಗೆ ಟಾಟಾ ಏಸ್ ಸಾಕು. ತಮ್ಮನಿಗೆ ದೊಡ್ಡ ಪಿಕಪ್ಪೇ ಬೇಕು. ಡೀಲರ್ ಕಡೆಯವರು ಕಂತಿನ ಲೆಕ್ಕ ಬರೆದುಕೊಟ್ಟ ಚೀಟಿಯೂ ಅವನ ಜೇಬಿನಲ್ಲಿತ್ತು. ಮಾಡಬೇಕಾದ ಕೆಲಸ ಇಷ್ಟು: ದಿನಾ ಸೀಮೆಹುಲ್ಲು ತರುವುದು, ವಾರಕ್ಕೊಮ್ಮೆ ಹಿಂಡಿ ಬೂಸಾ ಮೂಟೆ, ಗ್ಯಾಸ್ ಸಿಲಿಂಡರ್, ಸೀಸನ್ನಿನಲ್ಲಿ ಮಂಡಿಗೆ ಟೊಮೆಟೊ ಬಾಕ್ಸ್. ಇದರ ಜೊತೆ, ಪೈಪ್ ಹೋಗದ ಮೇಲಿನ ಹೊಲಕ್ಕೆ ಸಾವಿರ ಲೀಟರಿನ ನೀರಿನ ತೊಟ್ಟಿಯನ್ನು ಚಕ್ರದ ಮೇಲೆ ಕೂರಿಸಿ ಎಳೆದುಕೊಂಡು ಹೋಗುವುದು. ದೊಡ್ಡದು ಬೇಕು ಅಂತ ತಮ್ಮ ಹಟ ಹಿಡಿದದ್ದು ಈ ತೊಟ್ಟಿಯ ಸಲುವಾಗಿಯೇ.

ಆ ದಿನ ನಮಗೆ ಉತ್ತರ ಗೊತ್ತಿರಲಿಲ್ಲ. ವಾರ ಬಿಟ್ಟು ಬರುತ್ತೇವೆ ಎಂದು ಎದ್ದೆವು. ಆಮೇಲೆ ಹುಡುಕುತ್ತಾ ಹೋದರೆ, ಈ ಗಾಡಿಗಳು ನಮ್ಮ ಅಂಗಳಕ್ಕೆ ಹೇಗೆ ಬಂದವು ಎಂಬ ಕಥೆಯಲ್ಲೇ ಅರ್ಧ ಉತ್ತರ ಸಿಕ್ಕಿತು.

ಮೊದಲು ಇದ್ದದ್ದು ಎತ್ತಿನ ಗಾಡಿ. ಮರದ ಚಕ್ರ, ಕಬ್ಬಿಣದ ಪಟ್ಟಿ, ಅಚ್ಚಿಗೆ ಕೀಲೆಣ್ಣೆ. ಆಮೇಲೆ ರಬ್ಬರ್ ಟೈರಿನ ಗಾಡಿ ಬಂತು. ಟೈರ್ ಕಂಪನಿಯ ಹೆಸರನ್ನೇ ಗಾಡಿಗೂ ಇಟ್ಟು ಜನ ಅದನ್ನು ಡನ್ಲಪ್ ಗಾಡಿ ಎಂದರು. ಅದೇ ಎತ್ತು ಅದೇ ರಸ್ತೆಯಲ್ಲಿ ಮೊದಲಿಗಿಂತ ಹೆಚ್ಚು ಭಾರ ಎಳೆಯಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ದೇಶದ ಎತ್ತಿನ ಗಾಡಿಯನ್ನು ಸುಧಾರಿಸಬೇಕೆಂದು ವರ್ಷಗಟ್ಟಲೆ ಓಡಾಡಿದರು. ಮ್ಯಾನೇಜ್‌ಮೆಂಟ್ ಕಲಿಸುವ ದೊಡ್ಡ ಮೇಷ್ಟ್ರು ಎತ್ತಿನ ಹೆಗಲ ಹುಣ್ಣಿನ ಬಗ್ಗೆ ಮಾತಾಡಿದ್ದು ಆಗ ಕೆಲವರಿಗೆ ತಮಾಷೆಯಾಗಿ ಕಂಡಿರಬಹುದು. ನಮಗೆ ಹಾಗೆ ಕಾಣುವುದಿಲ್ಲ.

ಪೇಟೆಗೆ ಸರಕು ಸಾಗಿಸಲು ಎತ್ತಿನ ಗಾಡಿ ಬಿಟ್ಟರೆ ಬಸ್ಸಿನ ಟಾಪು. ನಾವು ಚಿಕ್ಕವರಿದ್ದಾಗ ಚಿಂತಾಮಣಿ ಕಡೆಯ ಖಾಸಗಿ ಬಸ್ಸುಗಳ ಟಾಪಿನಲ್ಲಿ ತರಕಾರಿ ಮೂಟೆ, ಸೀಟಿನ ಕೆಳಗೆ ಶಿಡ್ಲಘಟ್ಟಕ್ಕೆ ಹೋಗುವ ರೇಷ್ಮೆ ಗೂಡಿನ ಚೀಲ, ಹಿಂದಿನ ಸೀಟಿನಲ್ಲಿ ಕೋಳಿ. ಹತ್ತು ಮೂಟೆ ಹಾಕಿದರೆ ಕಂಡಕ್ಟರ್ ಮುಖ ನೋಡಿ ಲಗೇಜು ಹೇಳುತ್ತಿದ್ದ.

ನಮ್ಮ ಬಾಯಲ್ಲಿ ಸರಕು ಸಾಗಿಸುವ ಸಣ್ಣ ಗಾಡಿ ಯಾವುದಾದರೂ ಅದು 'ಟೆಂಪೋ'. ಈ ಹೆಸರು ಜರ್ಮನಿಯ ಹ್ಯಾಂಬರ್ಗಿನದ್ದು. ಅಲ್ಲಿನ ವಿಡಾಲ್ ಎಂಬುವರ ಕಂಪನಿ ತನ್ನ ಗಾಡಿಗಳಿಗೆ ಇಟ್ಟಿದ್ದ ಹೆಸರು ಟೆಂಪೋ. ಅವರ ಜೊತೆ ಒಪ್ಪಂದ ಮಾಡಿಕೊಂಡು ಎನ್.ಕೆ. ಫಿರೋದಿಯಾ 1958ರಲ್ಲಿ ಬಜಾಜ್ ಟೆಂಪೋ ಕಂಪನಿ ಶುರು ಮಾಡಿದರು. ಮೊದಲು ಮೂತಿ ಮುಂದೆ ಚಾಚಿದ ಮೂರು ಚಕ್ರದ ಗಾಡಿ, 1969ರಲ್ಲಿ ಮೆಟಡಾರ್. ಆ ಕಂಪನಿಯೇ ಈಗ ಫೋರ್ಸ್ ಮೋಟಾರ್ಸ್. ಕಂಪನಿ ಹೆಸರು ಬದಲಿಸಿತು, ನಮ್ಮೂರಲ್ಲಿ ಟೆಂಪೋ ಟೆಂಪೋ ಆಗಿಯೇ ಉಳಿಯಿತು.

1980ರ ದಶಕದಲ್ಲಿ ಜಪಾನಿನ ಕಂಪನಿಗಳು ಇಲ್ಲಿನವರ ಜೊತೆ ಸೇರಿ ಸಣ್ಣ ಲಾರಿ ತಂದವು: ಡಿಸಿಎಂ ಟೊಯೊಟಾ, ಐಷರ್ ಮಿತ್ಸುಬಿಷಿ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್. ಇವಕ್ಕೆ ಎದುರಾಗಿ 1986ರಲ್ಲಿ ಟಾಟಾದವರು 407 ಇಳಿಸಿದರು. ಎರಡು ವರ್ಷಕ್ಕೆ ಟಾಟಾ ಮೊಬೈಲ್ ಎಂಬ ಪಿಕಪ್ ಬಂತು. ಆದರೆ ಇವೆಲ್ಲ ಬಾಡಿಗೆಗೆ ಓಡಿಸುವವರ ಗಾಡಿಗಳು. ರೈತ ಬೆಳಗಿನ ಜಾವ ರಸ್ತೆಗೆ ಬಂದು ನಿಂತು, ಬಂದ 407ರಲ್ಲಿ ಜಾಗ ಇದ್ದರೆ ತನ್ನ ಬಾಕ್ಸ್ ಹಾಕುತ್ತಿದ್ದ. ಬಾಡಿಗೆ ಎಷ್ಟು, ಎಷ್ಟೊತ್ತಿಗೆ ಮಂಡಿ ಮುಟ್ಟುತ್ತೆ ಎನ್ನುವುದು ಅವನ ಕೈಯಲ್ಲಿ ಇರಲಿಲ್ಲ. ತಡವಾಗಿ ಮುಟ್ಟಿದರೆ ಹರಾಜಿನಲ್ಲಿ ಹೊಡೆತ ತಿನ್ನುವವನು ರೈತನೇ ಹೊರತು ಗಾಡಿಯವನಲ್ಲ.

ಇದು ಬದಲಾದದ್ದು 2005ರಲ್ಲಿ, ಟಾಟಾ ಏಸ್ ಬಂದಾಗ. ಗಿರೀಶ್ ವಾಘ್ ಎಂಬ ಎಂಜಿನಿಯರ್ ಮುಂದಾಳು. ಅವರ ತಂಡ ಮೊದಲು ಮೂರು ಚಕ್ರದ ಗಾಡಿ ಓಡಿಸುವವರ ಬಳಿ ಹೋಗಿ ಏನು ಬೇಕು ಎಂದು ಕೇಳಿತು. ನಾಲ್ಕು ಚಕ್ರದ ಗಾಡಿ ಇದ್ದರೆ ಊರಲ್ಲಿ ಒಳ್ಳೆ ಹೆಣ್ಣು ಸಿಗುತ್ತೆ ಎಂದು ಒಬ್ಬ ಹುಡುಗ ಹೇಳಿದ್ದು ಆಗಿನ ವ್ಯಾಪಾರ ಪತ್ರಿಕೆಗಳಲ್ಲಿ ಅಚ್ಚಾಗಿದೆ. (ನಮ್ಮ ಕಡೆಯೂ ಇದು ಸುಳ್ಳಲ್ಲ. ಈಗ ಹೆಣ್ಣಿನ ಕಡೆಯವರು ಗಾಡಿಯ ಸಾಲ ತೀರಿದೆಯಾ ಅಂತಲೂ ಕೇಳುತ್ತಾರೆ.) ಇಂಜಿನ್ ಇಂಡಿಕಾ ಕಾರಿನ ನಾಲ್ಕು ಸಿಲಿಂಡರ್ ಇಂಜಿನ್ನಿನ ಅರ್ಧ: ಎರಡು ಸಿಲಿಂಡರ್, ಸುಮಾರು 700 ಸಿಸಿ, 16 ಹಾರ್ಸ್‌ಪವರ್. ಹೊರೆ 750 ಕೆಜಿ. ಬೆಲೆ ಎರಡೂಕಾಲು ಲಕ್ಷದ ಆಸುಪಾಸು. ಜನ ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು, ಚಿಕ್ಕ ಆನೆ.

ಇದಕ್ಕೆ ಕಾನೂನಿನ ಬೆಂಬಲವೂ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ, ಹೊರೆಯೂ ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಹಳದಿ ಬೋರ್ಡು, ಎಫ್‌ಸಿ, ಇನ್ಶೂರೆನ್ಸ್ ಎಲ್ಲ ಬೇಕು, ಪರ್ಮಿಟ್ ಮಾತ್ರ ಬೇಡ. ಸಾಲ ಸಿಕ್ಕಿದ ಸಣ್ಣ ರೈತನೂ ಗಾಡಿಯ ಮಾಲೀಕ ಆಗಬಹುದಾಯಿತು. 2011ರಲ್ಲಿ ಹೊಸೂರಿನಿಂದ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು, 2016ರಲ್ಲಿ ಮಾರುತಿಯ ಸೂಪರ್ ಕ್ಯಾರಿ. ಮಹೀಂದ್ರದ ಬೊಲೆರೊ ಪಿಕಪ್ ಅಂತೂ ಕೋಲಾರದ ಮಂಡಿ ತುಂಬ.

ಈಗ ಲೆಕ್ಕಕ್ಕೆ ಬರೋಣ. ಒಂದು ಟೊಮೆಟೊ ಬಾಕ್ಸ್ 15 ಕೆಜಿ. 750 ಕೆಜಿ ಹೊರೆಯ ಗಾಡಿಗೆ 50 ಬಾಕ್ಸ್. 1.7 ಟನ್ನಿನ ಪಿಕಪ್ಪಿಗೆ 113. ಖಾಲಿ ಬಾಕ್ಸಿನ ತೂಕ, ಪಕ್ಕದಲ್ಲಿ ಕೂತವರ ತೂಕ ಇದರಲ್ಲಿ ಸೇರಿಲ್ಲ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ, ಖಾಲಿ ಗಾಡಿಯದ್ದು ಮತ್ತು ಒಟ್ಟು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ಹೊರೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಮಾರುವವರ ಮಾತು ಕೇಳುವ ಮೊದಲು ಈ ಕಳೆಯುವ ಲೆಕ್ಕ ಮಾಡಿ. ಮೀರಿ ತುಂಬಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಆ ಮನೆಯ ಲೆಕ್ಕ ಹಾಕಿದಾಗ ಕಂಡದ್ದು ಇದು. ವರ್ಷದಲ್ಲಿ ಹೆಚ್ಚಿನ ದಿನ ಅವರು ಸಾಗಿಸುವುದು ಹುಲ್ಲು, ನಾಲ್ಕಾರು ಮೂಟೆ; 300 ಕೆಜಿ ದಾಟದು. ನೂರು ಬಾಕ್ಸ್ ಇಳಿಸುವ ದಿನ ಸೀಸನ್ನಿನಲ್ಲಿ ಹತ್ತೋ ಹದಿನೈದೋ. ಆ ಹದಿನೈದು ದಿನಕ್ಕಾಗಿ ವರ್ಷವಿಡೀ ದೊಡ್ಡ ಕಂತು ಕಟ್ಟಬೇಕೇ, ಅಥವಾ ಆ ದಿನಗಳಿಗೆ ಬಾಡಿಗೆ ಗಾಡಿ ಸಾಕೇ? ತಮ್ಮ ಇದಕ್ಕೆ ಒಪ್ಪಲಿಲ್ಲ. "ಬಾಡಿಗೆಗೂ ಓಡಿಸ್ತೀನಿ" ಅಂದ. ಓಡಿಸುವವರು ಯಾರು? ಅವನಿಗೆ ಶಿಫ್ಟ್, ಅಣ್ಣನಿಗೆ ಹೊಲ. ಡ್ರೈವರ್ ಇಟ್ಟರೆ ಲೆಕ್ಕ ಬೇರೆ.

ಉಳಿದದ್ದು ನೀರಿನ ತೊಟ್ಟಿ. ಪಿಕಪ್ ಎಂಬ ಹೆಸರು ಬಂದದ್ದು ಅಮೆರಿಕದಿಂದ. ಅಲ್ಲಿನ ರೈತರು ಫೋರ್ಡ್ ಕಾರಿನ ಹಿಂಭಾಗ ತೆಗೆದು ಮರದ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ 1925ರಲ್ಲಿ ಫೋರ್ಡ್ ಕಂಪನಿಯೇ ಪೆಟ್ಟಿಗೆ ಸಮೇತ ಮಾರಿತು, 281 ಡಾಲರಿಗೆ. ಮುಂದೆ ಅಲ್ಲಿ ಪಿಕಪ್ಪುಗಳು ದೊಡ್ಡದಾಗುತ್ತಾ ಹೋದವು. ಕುದುರೆ ಟ್ರೇಲರ್, ದೋಣಿ ಎಲ್ಲ ಎಳೆಯುವುದು ಅವುಗಳದ್ದೇ ಕೆಲಸವಾಯಿತು. ಯೂಟ್ಯೂಬಿನಲ್ಲಿ ನಮ್ಮ ಹುಡುಗರು ನೋಡುವುದು ಆ ಗಾಡಿಗಳನ್ನು. ನಮ್ಮ ಸಣ್ಣ ಗಾಡಿಯ ಹುಟ್ಟು ಬೇರೆ. ಅದು ಎತ್ತಿನ ಗಾಡಿಯ ಜಾಗಕ್ಕೆ ಬಂತು, ಎತ್ತಿನ ಜಾಗಕ್ಕಲ್ಲ. ಎತ್ತಿನ ಜಾಗಕ್ಕೆ ಬಂದದ್ದು ಟ್ರ್ಯಾಕ್ಟರ್. ಭಾರಕ್ಕೆ ತಕ್ಕ ಗೇರು, ದೊಡ್ಡ ಚಕ್ರ, ಹಿಂದೆ ಸಿಕ್ಕಿಸುವ ಕೊಂಡಿ, ಎಲ್ಲ ಎಳೆಯಲೆಂದೇ ಮಾಡಿದ್ದು. ಸರಕು ಗಾಡಿಯ ಹಿಂದಿರುವ ಕೊಕ್ಕೆ ಕೆಸರಿನಲ್ಲಿ ಹೂತಾಗ ಹಗ್ಗ ಕಟ್ಟಲು.

ಸಾವಿರ ಲೀಟರ್ ನೀರೆಂದರೆ ಒಂದು ಟನ್. ತೊಟ್ಟಿ, ಚಾಸಿ, ಚಕ್ರ ಸೇರಿದರೆ ಇನ್ನೂ ಮೇಲೆ. ಅರ್ಧ ತುಂಬಿದ ತೊಟ್ಟಿ ಇನ್ನೂ ಕಷ್ಟ; ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ನೀರು ಮುಂದಕ್ಕೆ ನುಗ್ಗಿ ಹಗುರವಾದ ಗಾಡಿಯನ್ನು ತಳ್ಳುತ್ತದೆ. ಏರಿನಲ್ಲಿ ಕ್ಲಚ್ ಪ್ಲೇಟಿನ ವಾಸನೆ ಬರುತ್ತದೆ. ಅದೂ ಅಲ್ಲದೆ ಟ್ರೇಲರಿಗೂ ನೋಂದಣಿ ಬೇಕು, ಗಾಡಿಗೆ ಇದ್ದರೆ ಸಾಲದು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ತೊಟ್ಟಿಗಾಡಿಗೆ ನಂಬರ್ ಎಲ್ಲಿಂದ ಬರಬೇಕು? ಕೆಟ್ಟು ನಿಂತ ಗಾಡಿಯನ್ನು ಎಳೆಯುವುದು ಬೇರೆ ಮಾತು. ಅದಕ್ಕೆ 2017ರ ಚಾಲನಾ ನಿಯಮಗಳಲ್ಲಿ ಅವಕಾಶ ಇದೆ: ಎರಡರ ನಡುವೆ 5 ಮೀಟರ್ ಮೀರಬಾರದು, ವೇಗ ಗಂಟೆಗೆ 25 ಕಿ.ಮೀ. ದಾಟಬಾರದು.

ಇನ್ನೊಂದು ವಿಷಯ ಆ ಮನೆಯವರು ಕೇಳಿರಲಿಲ್ಲ, ನಾವೇ ಹೇಳಿದೆವು. ಯಾಕೆಂದರೆ ಇಂಥ ಸುದ್ದಿ ಬರೆದು ಬರೆದು ನಮಗೆ ಸಾಕಾಗಿದೆ. ಕೂಲಿಗೆ ಹೋಗುವ ಹೆಂಗಸರು, ಮದುವೆಗೆ ಹೊರಟ ನೆಂಟರು, ಜಾತ್ರೆಗೆ ಹೊರಟ ಮಕ್ಕಳು ಸರಕು ಗಾಡಿಯ ಹಿಂದೆ ನಿಂತು ಹೋಗುವುದು. ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು ಹೋದ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಎತ್ತಿನ ಗಾಡಿ ಮಗುಚಿದರೆ ಕೈ ಮುರಿಯುತ್ತಿತ್ತು. ಇದು ಹಾಗಲ್ಲ.

1994ರ ತಿದ್ದುಪಡಿಯಿಂದ ಸರಕಿನ ಮಾಲೀಕ ಅಥವಾ ಅವನ ಪರವಾಗಿ ಹೋಗುವವನಿಗೆ ಸರಕು ಗಾಡಿಯ ಇನ್ಶೂರೆನ್ಸ್ ಅನ್ವಯಿಸುತ್ತದೆ. ಸುಮ್ಮನೆ ಹತ್ತಿಕೊಂಡು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಕೊನೆಯಲ್ಲಿ, ಆಶಾ ರಾಣಿ ಪ್ರಕರಣದಲ್ಲಿ ಹೇಳಿತು. ಕೆಲವು ಪ್ರಕರಣಗಳಲ್ಲಿ ಕೋರ್ಟು ಮೊದಲು ಕಂಪನಿಯಿಂದ ಪರಿಹಾರ ಕೊಡಿಸಿ, ಆಮೇಲೆ ಗಾಡಿಯ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದಿದೆ. ಅಂದರೆ ಕೊನೆಗೆ ಮಾಲೀಕನ ಜಮೀನಿಗೇ ಬರುತ್ತದೆ. ನಮಗೆ ಗೊತ್ತಿರುವ ಒಬ್ಬರು ಪಕ್ಕದ ಮನೆಯವರನ್ನು ದುಡ್ಡು ತಗೊಳ್ಳದೆ, ಬರೀ ಉಪಕಾರಕ್ಕೆ, ನಾಮಕರಣಕ್ಕೆ ಕರೆದುಕೊಂಡು ಹೋಗಿದ್ದರು. ತಿರುವಿನಲ್ಲಿ ಗಾಡಿ ಮಗುಚಿತು. ಈಗ ಎರಡೂ ಮನೆಯವರು ಕೋರ್ಟಿನ ಹೊರಗೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಮಾತಿಲ್ಲ.

ಲೈಸೆನ್ಸಿನ ವಿಷಯದಲ್ಲಿ ಮಾತ್ರ ಈಗ ಸ್ವಲ್ಪ ನಿರಾಳ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು, ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಬ್ಯಾಡ್ಜ್ ಇಲ್ಲ ಅಂತ ಹೇಳಿ ಕ್ಲೇಮ್ ತಳ್ಳಿಹಾಕುವುದು ಇನ್ನು ಸುಲಭವಲ್ಲ.

ಇದನ್ನೆಲ್ಲ ಹೇಳಿದಾಗ ಅಮ್ಮ ಒಂದೇ ಮಾತು ಕೇಳಿದರು: "ಹಾಗಾದ್ರೆ ನಾನು ಆಸ್ಪತ್ರೆಗೆ ಹೋಗೋದು?" ಮುಂದೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರೂ ಪಾಲಿಸಿಯಲ್ಲಿ ಏನು ಬರೆದಿದೆ ನೋಡಬೇಕಮ್ಮಾ, ಮನೆಯವರಿಗೆ ಕವರ್ ಇದೆಯಾ ಅಂತ ಕೇಳಿ ಬರೆಸಿಕೊಳ್ಳಿ ಎಂದೆವು. ತಮ್ಮ ಆ ಚೀಟಿಯ ಹಿಂಬದಿಯಲ್ಲಿ ಅದನ್ನು ಬರೆದುಕೊಂಡ.

ಎರಡು ತಿಂಗಳಾದ ಮೇಲೆ ಗಾಡಿ ಬಂತು. ಸೆಕೆಂಡ್ ಹ್ಯಾಂಡ್ ಏಸ್. ತೊಟ್ಟಿಯ ಕೆಲಸ ಪಕ್ಕದವರ ಟ್ರ್ಯಾಕ್ಟರಿಗೆ, ಗಂಟೆ ಲೆಕ್ಕದ ಬಾಡಿಗೆ. ಹೋದ ವಾರ ಬೆಳಿಗ್ಗೆ ಮಂಡಿಯ ಗೇಟಿನಲ್ಲಿ ಅಣ್ಣ ಸಿಕ್ಕ. ಹಿಂದೆ ನೋಡಿದರೆ ಬಾಕ್ಸುಗಳು ಕ್ಯಾಬಿನ್‌ಗಿಂತ ಮೇಲೆ ಎದ್ದಿದ್ದವು. ಎಣಿಸಿದೆವು, 68. ನಮ್ಮ ಮುಖ ನೋಡಿ ಅವನೇ ನಕ್ಕ: "ಇವತ್ತೊಂದು ದಿನ ಬಿಟ್ಬಿಡ್ರಣ್ಣಾ, ರೇಟ್ ಇದೆ."