ಆರಾಧನೆಯ ಕಡೆಯ ಹಾಡು

ನಾಟಕಕ್ಕೆ ಭರತವಾಕ್ಯ, ಪುರಾಣಕ್ಕೆ ಫಲಶ್ರುತಿ, ಕಛೇರಿಗೆ ಮಂಗಳ ಇರುವಂತೆಯೇ ಕ್ರೈಸ್ತರ ಆರಾಧನೆಗೂ ಕಡೆಯ ಹಾಡೊಂದುಂಟು. ಅದು ಯಾವುದಾಗಿರಬೇಕೆಂಬ ಪ್ರಶ್ನೆಯು ಅಲ್ಪವಾದುದಲ್ಲ. ಯಾರ ಭಾಷೆಗೆ, ಯಾರ ವಾದ್ಯಕ್ಕೆ ದೇವಾಲಯದೊಳಗೆ ಎಡೆ ಎಂಬುದು ಅದರಲ್ಲಿ ಅಡಗಿರುವುದು. ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು.

1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಯ ಕೆಲಸವನ್ನು ಕೈಗೊಂಡ ಬಳಿಕ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದರು. ಅವರ ಸೀಮೆಯಲ್ಲಿ ಮೆಥಡಿಸ್ಟ್ ಪಂಥವೂ ಸಾಮೂಹಿಕ ಗಾನವೂ ಬೇರೂರಿದ್ದುವು. ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ಕೂಲಿಕಾರರಲ್ಲಿ ಬಹುಮಂದಿ ಅಸ್ಪೃಶ್ಯರೆನಿಸಿಕೊಂಡಿದ್ದವರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲುದಾರಿಯೂ ಆಯಿತು. ಸುತ್ತಣ ಹಳ್ಳಿಗಳ ನುಡಿ ಕನ್ನಡ ಮತ್ತು ತೆಲುಗು.

ಆಂಗ್ಲರು ಆರಾಧನೆಯಲ್ಲಿ ಹಾಡುವ ತ್ರ್ಯೇಕಸ್ತುತಿಯ ಪ್ರಸಿದ್ಧ ಧಾಟಿಯು 1551ರ ಜಿನೀವಾ ಗೀತಸಂಗ್ರಹದ್ದು. ಸಾಲಿಗೆ ಎಂಟು ಅಕ್ಷರ, ಸಾಲುಗಳು ನಾಲ್ಕು. ಲೆಕ್ಕದಲ್ಲಿ ನಮ್ಮ ಅನುಷ್ಟುಪ್ಪೇ ಸರಿ! ಆದರೆ ಅನುಷ್ಟುಪ್ಪಿನಲ್ಲಿ ಐದನೆಯ ಅಕ್ಷರ ಲಘು, ಆರನೆಯದು ಗುರು ಎಂಬ ನಿಯಮವುಂಟು. ಆ ಧಾಟಿಯಲ್ಲಾದರೋ ಸ್ವರಗಳೆಲ್ಲವೂ ಬಹುಮಟ್ಟಿಗೆ ಸಮಕಾಲದವು. ಕನ್ನಡದ ಮಾತನ್ನು ಅದರೊಳಗೆ ತುಂಬಿದರೆ ಲಘುವು ಎಳೆಯಲ್ಪಟ್ಟು ಗುರುವಾಗುವುದು, ಪದವು ನಡುವೆ ಮುರಿಯುವುದು. ಭಕ್ತಿಯು ಇದನ್ನು ಸಹಿಸುವುದು, ಕಿವಿಯು ಸಹಿಸದು.

ಮದುವೆಯಲ್ಲಿ ದಂಪತಿಗಳು ಹೊರಡುವಾಗ ನುಡಿಸುವ ಮೆಂಡೆಲ್ಸನ್ನನ ನಡಿಗೆಯ ವಾದ್ಯವು 1842ರಲ್ಲಿ ಷೇಕ್ಸ್‌ಪಿಯರನ ನಾಟಕವೊಂದಕ್ಕಾಗಿ ರಚಿತವಾದುದು. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ವಿವಾಹದಲ್ಲಿ ನುಡಿಸಿದ ಮೇಲೆ ಲೋಕವೇ ಅದನ್ನು ಅನುಸರಿಸಿತು. ರಂಗಸ್ಥಳದ ಸಂಗೀತವು ಗುಡಿಗೆ ಸಲ್ಲದೆಂದು ಆಕ್ಷೇಪಿಸುವ ಪಾದ್ರಿಗಳೂ ಉಂಟು. ರಾಣಿಯ ಮನೆಯ ಮದುವೆಗೆ ಸಂದುದು ಕೂಲಿಕಾರನ ಮಗಳ ಮದುವೆಗೆ ಏಕೆ ಸಲ್ಲದೋ! ತಮಿಳು ಪ್ರಾಟೆಸ್ಟೆಂಟರಿಗೆ ಬೇರೊಂದು ಮಾರ್ಗವೂ ಇದ್ದಿತು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774–1864) ಕರ್ಣಾಟಕ ರಾಗಗಳಲ್ಲಿ ಕ್ರೈಸ್ತಕೀರ್ತನೆಗಳನ್ನು ರಚಿಸಿದ್ದರು. ಮಂಗಳ ಹಾಡುವ ವಾಡಿಕೆಯು ಅವರ ಶುಭಕಾರ್ಯಗಳಲ್ಲಿ ಉಳಿದು ಬಂದಿತು.

ಕಠಿನವಾದುದು ಮರಣಸಮಯದ ಆಯ್ಕೆ. ಬಂಡೆ ಸಿಡಿದು ಸತ್ತವರು, ಶಿಲಾಧೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತವರು ಈ ಗಣಿಗಳಲ್ಲಿ ಅನೇಕರು. ಆಂಗ್ಲರ ಪದ್ಧತಿಯಲ್ಲಿ ಇಂಥಲ್ಲಿಗೆ ಹ್ಯಾಂಡಲನು ‘ಸೌಲ’ ಗೀತರೂಪಕದಲ್ಲಿಟ್ಟ ಶವಯಾತ್ರೆಯ ವಾದ್ಯ, ಇಲ್ಲವೆ ಲೈಟ್ ಎಂಬ ಪಾದ್ರಿಯು 1847ರಲ್ಲಿ ಬರೆದ ಸಂಧ್ಯಾಗೀತೆ. ಈ ಗೀತೆಯೇ ಗಾಂಧೀಜಿಗೆ ಪ್ರಿಯವಾಗಿದ್ದು, ದಿಲ್ಲಿಯ ಗಣರಾಜ್ಯೋತ್ಸವದ ಮುಕ್ತಾಯ ವಾದನದಲ್ಲಿ ದೀರ್ಘಕಾಲ ಕೇಳಿಬಂದು, 2022ರಲ್ಲಿ ಬಿಡಲ್ಪಟ್ಟಿತು. ತಮಿಳು ಕೂಲಿಕಾರರ ಊರುಗಳಲ್ಲಿ ಸಾವಿಗೆ ಬಾರಿಸುತ್ತಿದ್ದುದಾದರೋ ಪರೆ. ಜಾತಿಯ ಹೆಸರನ್ನೇ ಹೊತ್ತ ಆ ಚರ್ಮವಾದ್ಯವನ್ನು ಅಪಮಾನದ ಗುರುತೆಂದು ಬಿಟ್ಟವರೂ ಉಂಟು, ಬಿಡಲೊಲ್ಲದವರೂ ಉಂಟು. ಕಥೋಲಿಕರಲ್ಲಿ 1903ರ ಹತ್ತನೆಯ ಪಯಸ್ ಪೋಪರ ಆಜ್ಞೆಯು ಪಿಯಾನೋವನ್ನೂ ಭೇರಿ ತಾಳಗಳನ್ನೂ ಗುಡಿಯೊಳಗೆ ನಿಷೇಧಿಸಿತು. ಚಾಂಪಿಯನ್ ರೀಫಿನ ವಿಜಯಮಾತೆಯ ದೇವಾಲಯವೂ ಆ ಸಭೆಗೆ ಸೇರಿದುದು. ಅಪ್ಪನ ಊರಿನ ವಾದ್ಯವು ಬೇಕೆಂಬ ಮಗನಿಗೆ ಆಗ ಶಾಸ್ತ್ರದ ಉತ್ತರವು ಬೀದಿಯಲ್ಲಿ ಬಾರಿಸೆಂಬುದೇ ಆಗಿದ್ದಿತು.

1963ರಲ್ಲಿ ವ್ಯಾಟಿಕನ್ ಮಹಾಸಭೆಯು ಆಯಾ ಜನರ ಸಂಗೀತಕ್ಕೆ ತಕ್ಕ ಮರ್ಯಾದೆ ಸಲ್ಲಬೇಕೆಂದು ವಿಧಿಸಿ, ಅಧಿಕಾರಿಗಳ ಅನುಮತಿಯ ಮೇರೆಗೆ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಪ್ರಾಟೆಸ್ಟೆಂಟರಲ್ಲಿ ಮಧುರೆಯ ಥಿಯೋಫಿಲಸ್ ಅಪ್ಪಾವು ಅವರು ಪರೆಯನ್ನೇ ಆರಾಧನೆಗೆ ತಂದರು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಗಣಿಗಾರರ ಮಕ್ಕಳು ಈಗ ಮಾರಿಕುಪ್ಪದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಹೋಗುವರು. ಹಿರಿಯರು ತೀರಿಕೊಂಡಾಗ ಯಾವ ಹಾಡಿನಿಂದ ಕಳುಹಬೇಕೆಂಬುದನ್ನು ಮನೆಯವರೂ ಪಾದ್ರಿಯೂ ಕುಳಿತು ಗೊತ್ತುಮಾಡಬೇಕಾಗಿರುವುದು.