ಖಾಲಿ ಬಂದೂಕಿನ ಇತಿಹಾಸ

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನಮ್ಮದೊಂದು ಹಳೇ ಮನೆ ಇದೆ. ಅದರ ಪಡಸಾಲೆಯ ಮಣ್ಣಿನ ಗೋಡೆಯಲ್ಲಿ, ದೊಡ್ಡವರ ಎದೆಮಟ್ಟಕ್ಕೆ, ಒಂದು ತೂತು. ಸುಣ್ಣ ಬಳಿಯುವಾಗಲೆಲ್ಲ ಯಾರಾದರೊಬ್ಬರು "ಮುಚ್ಚಿಬಿಡೋಣೇನು?" ಅಂತ ಕೇಳುತ್ತಿದ್ದರು. ಮುತ್ಯಾ ಮಾತ್ರ "ಇರ್ಲಿ ಬಿಡ್ರಿ, ಅದು ನಮ್ಮನಿ ಶಾಸನ" ಅನ್ನುತ್ತಿದ್ದ.

ಆವತ್ತು ಖಂಡೆ ಪೂಜೆ. ಕೊಡಲಿ, ಕುಡುಗೋಲು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಕಾಕಾ ತನ್ನ ದೋನಾಲಿ ಬಂದೂಕು ಒರೆಸುತ್ತ ಕೂತಿದ್ದ. ಹೊಲಕ್ಕೆ ನುಗ್ಗುವ ಹಂದಿ ಬೆದರಿಸಲಿಕ್ಕೆ ಅಂತ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದ ಹನ್ನೆರಡು ಬೋರಿನದು. "ಖಾಲಿ ಅದ" ಅಂದ. ಇರಲಿಲ್ಲ! ಸದ್ದಿಗೆ ಓಣಿಗೆ ಓಣಿಯೇ ಓಡಿ ಬಂತು. ಒಂದು ನಿಮಿಷದ ಹಿಂದೆ ಆ ಗೋಡೆಗೆ ಒರಗಿ ನಿಂತಿದ್ದವನು ನಾನು. ಅವ್ವ ಕರೆದಳು ಅಂತ ಒಳಗೆ ಹೋಗಿದ್ದೆ, ಅಷ್ಟೇ.

ಅವತ್ತಿನಿಂದ ನನಗೆ ಒಂದೇ ಪ್ರಶ್ನೆ. ಬಂದೂಕು ಖಾಲಿ ಇದೆ ಅಂತ ಗೊತ್ತಾಗುವುದು ಹೇಗೆ? ಇತಿಹಾಸದ ಪುಸ್ತಕಗಳಲ್ಲಿ ಗುಂಡು ಹಾರಿಸಿದವನ ಹೆಸರು ಸಿಗುತ್ತದೆ, ಆಮೇಲೆ ನಳಿಗೆ ತೊಳೆದವನ ಸುದ್ದಿ ಸಿಗುವುದಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಇರುವುದು ತೊಳೆಯುವವನ ಹತ್ತಿರವೇ.

ಕಲಬುರಗಿ ಕೋಟೆಗೆ ಹೋದವರು ಬಾರಾ ಗಜಿ ತೋಪಿನ ಪಕ್ಕ ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. 29 ಅಡಿ ಉದ್ದ. ಇಂಥ ತೋಪುಗಳಿಗೆ ಬಾಯಿಂದಲೇ ಮದ್ದು ತುಂಬಬೇಕು. ಆ ಕಾಲದ ಕರಿಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಸುಟ್ಟ ಮೇಲೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಗೆಯ ಜೊತೆ ಹಾರುವ ಅಥವಾ ನಳಿಗೆಯಲ್ಲೇ ಕೂರುವ ಕಿಟ್ಟ. ಒಂದು ಕಿಡಿ ಒಳಗೆ ಉಳಿದಿದ್ದರೂ ಮುಂದಿನ ಮದ್ದು ತುಂಬುವವನ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಪ್ರತಿ ಹೊಡೆತದ ನಂತರ ಉದ್ದ ಕೋಲಿಗೆ ಒದ್ದೆ ಅರಿವೆ ಅಥವಾ ಉಣ್ಣೆ ಕಟ್ಟಿ ಒಳಗೆ ಆಡಿಸುತ್ತಿದ್ದರು. ಆಗ ಶುಚಿ ಅನ್ನುವುದು ಅಂದಕ್ಕಲ್ಲ, ಜೀವಕ್ಕೆ.

ಬಾಯಿಂದ ತುಂಬುವ ನಾಡ ಬಂದೂಕಿಗೂ ಇದೇ ನಿಯಮ. ಆ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಬಿಸಿ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಖಾಲಿಯೋ ಅಲ್ಲವೋ ಅಂತ ನೋಡುವುದಕ್ಕೆ ಸಲಾಕೆ ಇಳಿಸುತ್ತಿದ್ದರು. ತಳ ಮುಟ್ಟಿದರೆ ಖಾಲಿ, ಕೆಲವು ಬೆರಳು ಮೇಲೆಯೇ ನಿಂತರೆ ಒಳಗೆ ಮದ್ದಿದೆ. ಸಲಾಕೆಯ ಮೇಲೆ ಗೆರೆ ಕೊರೆದಿಟ್ಟುಕೊಂಡರೆ ನೋಡಿದ ಕೂಡಲೇ ತಿಳಿಯುತ್ತದೆ.

19ನೇ ಶತಮಾನದಲ್ಲಿ ಯುರೋಪಿನಲ್ಲಿ ಹಿಂದಿನಿಂದ ಕಾಡತೂಸು ಹಾಕುವ ಬಂದೂಕು ಬಂತು. ನಡು ಮಡಚಿ ಬೆಳಕಿಗೆ ಹಿಡಿದರೆ ಆಯಿತು, ಎರಡು ನಳಿಗೆಯಲ್ಲಿ ಎರಡು ಹುಣ್ಣಿಮೆ ಚಂದ್ರ ಕಾಣಬೇಕು. ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ನಮ್ಮ ಕಾಕಾ ಮಾಡದೆ ಬಿಟ್ಟದ್ದೂ ಇದನ್ನೇ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆ ಇಲ್ಲದ ಮದ್ದು ಕಂಡುಹಿಡಿದ. ಕಿಟ್ಟ ಕಡಿಮೆಯಾಯಿತು, ತೊಳೆಯುವ ಅವಸರವೂ ಕಡಿಮೆಯಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಪಂಪ್ ಬಂದೂಕು ಶುರುವಾಗಿತ್ತು. 1882ರಲ್ಲಿ ಸ್ಪೆನ್ಸರ್, ಆಮೇಲೆ ಜಾನ್ ಬ್ರೌನಿಂಗ್ ರೂಪಿಸಿದ 1893 ಮತ್ತು 1897ರ ವಿಂಚೆಸ್ಟರ್‌ಗಳು. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ಸಾಲಾಗಿ ಕಾಡತೂಸು. ಮುಂದಿನ ಹಿಡಿ ಹಿಂದಕ್ಕೆ ಎಳೆದರೆ ಸುಟ್ಟದ್ದು ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಅನುಕೂಲವೇನೋ ಬಂತು, ಆದರೆ ಕಾಡತೂಸು ಕಣ್ಣಿಂದ ಮರೆಯಾಯಿತು ನೋಡಿ!

ಕಲಬುರಗಿಯಲ್ಲಿ ನನಗೆ ಪರಿಚಯದ ನಿವೃತ್ತ ಸೈನಿಕರೊಬ್ಬರಿದ್ದಾರೆ. ಪಂಪ್ ಬಂದೂಕು, ಲೈಸೆನ್ಸ್ ಎರಡೂ ಅವರದೇ. ಒಂದು ಭಾನುವಾರ ಅವರು ಸ್ವಚ್ಛ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಬಂದೂಕಿನ ಬಾಯಿ ಜನ ಇಲ್ಲದ ಕಡೆ, ಬೆರಳು ಟ್ರಿಗರ್‌ನಿಂದ ದೂರ, ಸೇಫ್ಟಿ ಹಾಕಿದ್ದು. ಕಾಡತೂಸು ಒಂದೊಂದಾಗಿ ತೆಗೆದು, ಎಣಿಸಿ, ಬೇರೆ ಕೋಣೆಯಲ್ಲಿಟ್ಟು ಬಂದರು. ಆಮೇಲೆ ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿದರು. ನಳಿಗೆಯ ಹಿಂಭಾಗ ಒಮ್ಮೆ, ಕೆಳಗಿನ ಕೊಳವೆ ಒಮ್ಮೆ. "ಮ್ಯಾಲಿಂದು ತಗದು ಖಾಲಿ ಆತು ಅಂದ್ಕೊಂಡು ಹಿಡಿ ಮುಂದ ತಳ್ಳಿದ್ರ, ಕೆಳಗಿಂದು ಏರಿ ಕೂಡ್ತದ ತಮ್ಮಾ" ಅಂದರು.

ಕೊಳವೆಯ ತುದಿಯ ತಿರುಪು ಬಿಚ್ಚಿದರೆ ನಳಿಗೆ ಸಲೀಸಾಗಿ ಕೈಗೆ ಬರುತ್ತದೆ. ಹಿಂದಿನ ಕಡೆಯಿಂದ ಬಾಯಿಯ ಕಡೆಗೆ ಬ್ರಷ್, ಮೇಲೆ ಒಣ ಅರಿವೆ, ಕೊನೆಗೆ ತೆಳ್ಳಗೆ ಎಣ್ಣೆ. ಹೆಚ್ಚು ಸುರಿದರೆ ನಮ್ಮ ಊರಿನ ಧೂಳೆಲ್ಲ ಅಲ್ಲೇ ಮೆತ್ತುತ್ತದೆ. ಟ್ರಿಗರ್ ಭಾಗ ಅವರು ಬಿಚ್ಚಲಿಲ್ಲ, ಅದು ಕಸುಬಿನವರ ಕೆಲಸ. ಜೋಡಿಸುವ ಮುಂಚೆ ನಳಿಗೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಒಂದು ಚಿಂದಿ ಒಳಗೆ ಉಳಿದರೂ ಮುಂದಿನ ಸಲ ನಳಿಗೆಯೇ ಒಡೆಯಬಹುದು.

ಕಾಕಾನಿಗೆ ಇದನ್ನೆಲ್ಲ ಯಾರೂ ಕಲಿಸಿರಲಿಲ್ಲ. 1959ರ ಆಯುಧ ಕಾಯ್ದೆ 1962ರಲ್ಲಿ ಜಾರಿಗೆ ಬಂದಿತ್ತು, ಅವನ ಹತ್ತಿರ ಕಾಗದ ಪತ್ರ ಎಲ್ಲ ಸರಿಯಾಗೇ ಇದ್ದವು. ಬಂದೂಕು ನಿಭಾಯಿಸುವ ಸುರಕ್ಷತಾ ತರಬೇತಿ ನಿಯಮದೊಳಗೆ ಸೇರಿದ್ದು 2016ರಲ್ಲಿ.

ಮೂರು ಕಾಲ, ಮೂರು ಪರೀಕ್ಷೆ: ಸಲಾಕೆ, ಬೆಳಕು, ಬೆರಳು. ಒಂದೂ ನೆನಪಿನ ಮೇಲೆ ನಿಂತದ್ದಲ್ಲ. ಗುಂಡು ಸಿಡಿದ ಆ ಸಂಜೆ ಮುತ್ಯಾ ಕಾಕಾನಿಗೆ ಬೈಯಲಿಲ್ಲ. "ಖಾಲಿ ಅದ ಅಂತ ಬಾಯಿ ಹೇಳಬಾರದಪಾ, ಕಣ್ಣು ಹೇಳಬೇಕು" ಅಂದ, ಅಷ್ಟೇ. ಕಾಕಾ ಮುಂದೆ ಬಂದೂಕನ್ನೇ ಸರಕಾರಕ್ಕೆ ಒಪ್ಪಿಸಿಬಿಟ್ಟ.

ಈಗ ಮುತ್ಯಾ ಇಲ್ಲ. ಹೋದ ದಸರಾಕ್ಕೆ ಬನ್ನಿ ಕೊಡಲು ಊರಿಗೆ ಹೋಗಿದ್ದೆ. ಸುಣ್ಣ ಬಳಿಯುವ ಹುಡುಗ ಸಿಮೆಂಟ್ ಕಲಸಿಕೊಂಡು ಆ ತೂತಿನ ಮುಂದೆ ನಿಂತಿದ್ದ. "ಇರ್ಲಿ ಬಿಡಪಾ" ಅಂದೆ.