ಗ್ರೀಸು ಸುಟ್ಟ ಇಳಿಜಾರು

ನಮ್ಮ ಮಾವನದು ಕಡೂರಿನಲ್ಲಿ ಸೈಕಲ್ ಶಾಪು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ನನಗೆ ಸಿಗುತ್ತಿದ್ದ ಕೆಲಸ ಒಂದೇ. ಓವರಾಲಿಂಗಿಗೆ ಬಂದ ಸೈಕಲ್ಲಿನ ಹಬ್ ಬಿಚ್ಚಿದಾಗ ಉದುರುವ ಪುಟ್ಟ ಉಕ್ಕಿನ ಗುಂಡುಗಳನ್ನು ಸೀಮೆಎಣ್ಣೆ ತಟ್ಟೆಯಲ್ಲಿ ತೊಳೆದು, ಎಣಿಸಿ, ಬಟ್ಟೆಯ ಮೇಲೆ ಹರಡುವುದು. ಮಾವ ಹಳೆಯ ಕಪ್ಪು ಗ್ರೀಸನ್ನು ಬೆರಳಿನಿಂದ ಬಳಿದು ತೆಗೆದು, ಹೊಸ ಗ್ರೀಸು ತುಂಬಿ, ಗುಂಡುಗಳನ್ನು ಒಂದೊಂದಾಗಿ ಅದರಲ್ಲಿ ಕೂರಿಸುತ್ತಿದ್ದರು. ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು ಎನ್ನುತ್ತಿದ್ದರು.

ಕ್ಯಾಲಿಫೋರ್ನಿಯಾದ ಒಂದು ಗುಡ್ಡದಲ್ಲಿ ಒಂದು ಸಲ ಇಳಿದರೆ ಸಾಕು, ಇದೇ ಕೆಲಸಕ್ಕೆ ಕೂರಬೇಕಾಗುತ್ತಿತ್ತು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಸೀಮೆಎಣ್ಣೆ ತಟ್ಟೆ. ಆ ಗುಡ್ಡದ ದಾರಿಗೆ ಹೆಸರೇ ‘ರೀಪ್ಯಾಕ್’. ಮತ್ತೆ ತುಂಬು ಎಂದರ್ಥ. ಏನನ್ನು? ಗ್ರೀಸನ್ನು.

ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿನ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಬಳಿ, ಕಾಡ್ಗಿಚ್ಚು ಆರಿಸುವ ವಾಹನಗಳಿಗೆಂದು ಮಾಡಿದ ಒಂದು ಮಣ್ಣಿನ ರಸ್ತೆ ಸುಮಾರು 2 ಮೈಲಿಯೊಳಗೆ 1,300 ಅಡಿ ಕೆಳಗಿಳಿಯುತ್ತದೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಹಳೆಯ ಸೈಕಲ್ಲುಗಳಲ್ಲಿ ಈ ದಾರಿ ಇಳಿಯತೊಡಗಿದರು. ಆ ಸೈಕಲ್ಲುಗಳಿಗೆ ಕೈಬ್ರೇಕು ಇರಲಿಲ್ಲ, ಕೋಸ್ಟರ್ ಬ್ರೇಕು ಇತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೇ ಲೋಹಕ್ಕೆ ಲೋಹ ಒತ್ತಿ ಗಾಲಿ ನಿಲ್ಲುವ ವ್ಯವಸ್ಥೆ. ಸಮತಟ್ಟು ರಸ್ತೆಯಲ್ಲಿ ಪೇಪರು ಹಾಕುವ ಹುಡುಗನಿಗೆ ಅದು ಬೇಕಾದಷ್ಟಾಯಿತು. ಆದರೆ 1,300 ಅಡಿ ಇಳಿಯುವಷ್ಟೂ ಹೊತ್ತು ಅದನ್ನು ತುಳಿದು ಹಿಡಿದರೆ ಹಬ್ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಲೇಬೇಕು. ಹೀಗೆ ದಾರಿಗೆ ಹೆಸರು ಬಂತು.

ಇವತ್ತು ನಮ್ಮ ಹೈಸ್ಕೂಲು ಹುಡುಗರು ‘ಗೇರ್ ಸೈಕಲ್’ ಎಂದು ಕರೆಯುವ, ದಪ್ಪ ಟಯರಿನ, ನೇರ ಹ್ಯಾಂಡಲಿನ ಸೈಕಲ್ಲಿನ ಮೂಲ ಇಲ್ಲಿದೆ ಎನ್ನುತ್ತಾರೆ. ಜಾಹೀರಾತುಗಳನ್ನು ನೋಡಿದರೆ ಮೌಂಟನ್ ಬೈಕು ಅಂದರೆ ಬೆಟ್ಟ ಹತ್ತುವ ಗೇರು, ಕುಲುಕು ನುಂಗುವ ಫೋರ್ಕು. ಆದರೆ ಅದರ ಕತೆ ಶುರುವಾಗುವುದು ಹತ್ತುವುದರಿಂದಲ್ಲ. ನಿಲ್ಲಿಸಲಾಗದ ಒಂದು ಬ್ರೇಕಿನಿಂದ.

ಆ ಹುಡುಗರು ಆರಿಸಿಕೊಂಡದ್ದು 1930, 40ರ ದಶಕಗಳ ಶ್ವಿನ್ ಕಂಪನಿಯ ಸೈಕಲ್ಲುಗಳನ್ನು, ಅದರಲ್ಲೂ ಎಕ್ಸೆಲ್ಸಿಯರ್ ಎಂಬ ಮಾದರಿಯನ್ನು. 1933ರಲ್ಲಿ ಮಹಾ ಆರ್ಥಿಕ ಕುಸಿತದ ನಡುವೆ ಶಿಕಾಗೊದ ಶ್ವಿನ್ ಕಂಪನಿ 2.125 ಇಂಚು ಅಗಲದ ಬಲೂನು ಟಯರನ್ನು ಮಾರುಕಟ್ಟೆಗೆ ತಂದಿತ್ತು. ಮಕ್ಕಳು ಫುಟ್‌ಪಾತಿನಿಂದ ಧುಮುಕಿಸಿದರೂ ರಿಮ್ಮು ಸೊಟ್ಟಗಾಗದಿರಲಿ ಎನ್ನುವ ಲೆಕ್ಕ. ನಲವತ್ತು ವರ್ಷಗಳ ನಂತರ ಅವೇ ಫ್ರೇಮುಗಳು ಗುಜರಿ ಬೆಲೆಗೆ ಸಿಗುತ್ತಿದ್ದವು. ಅಲ್ಲಿಯವರು ಅವನ್ನು ‘ಕ್ಲಂಕರ್’ ಎಂದರು. ನಮ್ಮಲ್ಲಾದರೆ ಡಕೋಟಾ ಎನ್ನುತ್ತಿದ್ದೆವು. ತೂಕ 20 ಕಿಲೋ ದಾಟುತ್ತಿತ್ತು.

ಹಾಗೆಂದು ಇವರು ಸೈಕಲ್ಲು ಗೊತ್ತಿಲ್ಲದ ಪೋಕರಿಗಳಲ್ಲ. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮೂವರೂ ‘ವೆಲೊ ಕ್ಲಬ್ ತಮಲ್ಪಾಯಸ್’ ಎಂಬ ರಸ್ತೆ ರೇಸಿನ ಕ್ಲಬ್ಬಿನವರು. ಫಿಶರನನ್ನು 1968ರಲ್ಲಿ ಕೂದಲು ಉದ್ದವಾಯಿತೆಂದು ರೇಸುಗಳಿಂದ ಹೊರಗಿಟ್ಟಿದ್ದರು. ಕೆಲ್ಲಿ ಒಂದು ರಾಕ್ ಬ್ಯಾಂಡಿನ ಸಾಮಾನು ಹೊರುವ ಕೆಲಸದಲ್ಲಿದ್ದ. ವಾರವೆಲ್ಲ ತೆಳ್ಳನೆಯ ಟಯರಿನ ಇಟಾಲಿಯನ್ ಸೈಕಲ್ಲಿನ ಶಿಸ್ತು, ರಜೆ ಬಂದರೆ ಗುಜರಿ.

ಯಾರು ಬೇಗ ಇಳಿಯುತ್ತಾರೆ ಎಂಬ ವಾದ ತೀರಿಸಲು 1976ರ ಅಕ್ಟೋಬರ್ 21ರಂದು ಮೊದಲ ರೀಪ್ಯಾಕ್ ರೇಸು ನಡೆಯಿತು. ಗೆದ್ದವನು ಅಲನ್ ಬಾಂಡ್ಸ್. ಅವತ್ತು ಬೀಳದೆ ಕೆಳಗೆ ಮುಟ್ಟಿದವನು ಅವನೊಬ್ಬನೇ ಎಂಬುದು ಗೆಲುವಿಗೆ ಕಾರಣ. ದಾರಿ ಕಿರಿದು, ಎಲ್ಲರೂ ಒಟ್ಟಿಗೆ ಇಳಿಯುವಂತಿಲ್ಲ. ಒಬ್ಬೊಬ್ಬರನ್ನೇ ಬಿಟ್ಟು, ಮೇಲೊಂದು ಕೆಳಗೊಂದು ಗಡಿಯಾರವಿಟ್ಟು, ಕೆಲ್ಲಿ ಪ್ರತಿಯೊಬ್ಬರ ಸಮಯವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಫಿಶರನ ದಾಖಲೆ 4 ನಿಮಿಷ 22 ಸೆಕೆಂಡು, ಬ್ರೀಜನದು 4 ನಿಮಿಷ 24 ಸೆಕೆಂಡು. ವೆಂಡಿ ಕ್ರಾಗ್ ಎಂಬ ಯುವತಿ ಆ ಭಾರದ ಸೈಕಲ್ಲನ್ನೂ ಕ್ಯಾಮೆರಾವನ್ನೂ ಹೊತ್ತು ಗುಡ್ಡ ಹತ್ತಿ ತಿರುವುಗಳಲ್ಲಿ ನಿಂತು ಫೋಟೊ ತೆಗೆದಳು. ಜೀನ್ಸು, ದಪ್ಪ ಬೂಟು, ಮೇಲೆದ್ದ ಧೂಳು, ಒಂದು ಕಾಲನ್ನು ನೆಲಕ್ಕೆ ಊರಿಕೊಂಡೇ ಜಾರುವ ಸೈಕಲ್ಲು ನಮ್ಮ ಕಣ್ಣಿಗೆ ಕಟ್ಟುವುದು ಬಹುಮಟ್ಟಿಗೆ ಆಕೆಯ ಚಿತ್ರಗಳಿಂದಲೇ. ಆ ಇಳಿಜಾರಿನಲ್ಲಿ ಹೆಂಗಸರ ದಾಖಲೆಯೂ ಆಕೆಯದೇ. ಇದನ್ನು ಬಹಳ ಮಂದಿ ಆಮೇಲೆ ಸೇರಿಸುವ ಮಾತಿನಂತೆ ಹೇಳುತ್ತಾರೆ.

ಈ ನೋಟ್‌ಬುಕ್ಕು, ಈ ಕ್ಯಾಮೆರಾ ನನ್ನ ತಲೆಯಲ್ಲಿ ಕೊರೆಯುವುದಕ್ಕೆ ಕಾರಣವಿದೆ. ಅದಕ್ಕೆ ಮುಂದೆ ಬರುತ್ತೇನೆ.

ಸೈಕಲ್ಲು ಬೆಳೆದದ್ದು ಬೇರೆ ಬೇರೆ ಗಾಡಿಗಳ ಬಿಡಿಭಾಗಗಳಿಂದ. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ಲಿನಿಂದ ಡ್ರಮ್ ಬ್ರೇಕು ತಂದರು. ಅದನ್ನು ಎಳೆಯಲು ಮಾಮೂಲಿ ಲಿವರು ಸಾಲದೆ ಮೋಟಾರ್ ಸೈಕಲ್ಲಿನ ಲಿವರು ಹಾಕಿದರು. ರಸ್ತೆ ಸೈಕಲ್ಲಿನ ಗೇರು ಬಂತು, ಹ್ಯಾಂಡಲಿನಿಂದ ಕೈ ತೆಗೆಯದೆ ಹೆಬ್ಬೆರಳಿನಿಂದಲೇ ಅದನ್ನು ಬದಲಿಸುವ ಶಿಫ್ಟರು ಬಂತು. ಬ್ರೇಕು ಹಿಡಿಯತೊಡಗಿದ ಮೇಲೆ ಫ್ರೇಮು ಬಿರುಕು ಬಿಡತೊಡಗಿತು. ನಲವತ್ತು ವರ್ಷದ ಮುದಿ ಉಕ್ಕು, ಏನು ಮಾಡೀತು? ಆಗ ಕೆಲ್ಲಿಯ ಒತ್ತಾಯಕ್ಕೆ ಬ್ರೀಜ್ ಕ್ರೋಮೊಲಿ ಉಕ್ಕಿನ ಕೊಳವೆಗಳಿಂದ ಹೊಸ ಫ್ರೇಮು ಕಟ್ಟಿದ. 1977ರಲ್ಲಿ ಮೊದಲನೆಯದು, ಮರುವರ್ಷದ ಹೊತ್ತಿಗೆ ಒಟ್ಟು ಹತ್ತು. ಗುಡ್ಡಕ್ಕೆಂದೇ ಹೊಸದಾಗಿ ಕಟ್ಟಿದ ಮೊದಲ ಸೈಕಲ್ಲು ಎಂಬ ಹೆಸರು ಆ ‘ಬ್ರೀಜರ್’ಗೆ. ಒಂದನೆಯ ನಂಬರಿನದು ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ಮ್ಯೂಸಿಯಮ್ಮಿನಲ್ಲಿದೆ.

ಇಲ್ಲಿಗೆ ಕತೆ ಚೆನ್ನಾಗಿ ಮುಗಿದಂತಾಯಿತು. ಇತಿಹಾಸದ ವಿದ್ಯಾರ್ಥಿಗೆ ಅನುಮಾನ ಬರಬೇಕಾದದ್ದೂ ಇಲ್ಲೇ.

1974ರ ಡಿಸೆಂಬರ್ 1ರಂದು, ಅಂದರೆ ಮೊದಲ ರೀಪ್ಯಾಕಿಗೆ ಸುಮಾರು ಎರಡು ವರ್ಷ ಮುಂಚೆ, ಮರಿನ್ ಕೌಂಟಿಯ ಮಿಲ್ ವ್ಯಾಲಿಯಲ್ಲಿ ಒಂದು ಸೈಕ್ಲೊಕ್ರಾಸ್ ರೇಸು ನಡೆಯಿತು. ದಕ್ಷಿಣದ ಕ್ಯುಪರ್ಟಿನೊದಿಂದ ಕೆಲವರು ಅಲ್ಲಿಗೆ ದಪ್ಪ ಟಯರಿನ ಸೈಕಲ್ಲು ತಂದಿದ್ದರು. ಅವಕ್ಕೆ ಗೇರು ಇತ್ತು, ಹೆಬ್ಬೆರಳಿನ ಶಿಫ್ಟರು ಇತ್ತು, ಡ್ರಮ್ ಬ್ರೇಕು, ಮೋಟಾರ್ ಸೈಕಲ್ ಲಿವರು ಎಲ್ಲವೂ ಇತ್ತು. ಗೇರು ಕೂರಿಸಿದವನು ರಸ್ ಮಹೋನ್. ಅವರ ಗುಂಪಿನ ಹೆಸರು ‘ಮಾರೊ ಡರ್ಟ್ ಕ್ಲಬ್’. ಮಾರೊ ಎಂಬುದು ಒಂದು ಕೋಸ್ಟರ್ ಬ್ರೇಕಿನ ಹೆಸರು! ಮರಿನ್‌ನ ಹುಡುಗರು ಆ ಸೈಕಲ್ಲುಗಳನ್ನು ಅಂದು ನೋಡಿದ್ದರು. ಕ್ಯುಪರ್ಟಿನೊದವರು ರೇಸು ಮುಗಿಸಿ ಊರಿಗೆ ಹೋದರು. ಕಂಪನಿ ಕಟ್ಟಲಿಲ್ಲ, ಪತ್ರಿಕೆ ನಡೆಸಲಿಲ್ಲ, ಗುಂಪು ಚದುರಿತು. ಎಷ್ಟೋ ವರ್ಷಗಳ ಮೇಲೆ ಅವರನ್ನು ಹುಡುಕಿಕೊಂಡು ಹೋಗಿ ಕತೆ ಬರೆದವನು ಸ್ವತಃ ಜೋ ಬ್ರೀಜ್. ತನ್ನ ಹೆಸರಿನ ಮುಂದಿರುವ ‘ಮೊದಲ’ ಎಂಬ ಪದವನ್ನು ತಾನೇ ಅಲುಗಾಡಿಸಿದ ಆತನ ಮೇಲೆ ನನಗೆ ವಿಶೇಷ ಗೌರವ.

ಇನ್ನೂ ಹಿಂದಕ್ಕೆ ಹೋದರೆ ಜಾನ್ ಫಿನ್ಲೆ ಸ್ಕಾಟ್ ಸಿಗುತ್ತಾನೆ. 1953ರಲ್ಲೇ ಶ್ವಿನ್ ಫ್ರೇಮಿಗೆ ಬಲೂನು ಟಯರು, ನೇರ ಹ್ಯಾಂಡಲು, ಗೇರು ಹಾಕಿ ಕಾಡಿನಲ್ಲಿ ಓಡಿಸಿದವನು, ನಂತರ ಸಮಾಜಶಾಸ್ತ್ರದ ಪ್ರೊಫೆಸರಾದವನು. ಮತ್ತೂ ಹಿಂದೆ, 1897ರ ಜೂನ್ 14ರಂದು, ಮೊಂಟಾನಾದ ಫೋರ್ಟ್ ಮಿಸೌಲಾದಿಂದ 25ನೇ ಪದಾತಿ ದಳದ 20 ಕಪ್ಪು ಸೈನಿಕರು ಹೊರಟರು. ಒಂದೇ ಗೇರಿನ ಸೈಕಲ್ಲು, ಅದಕ್ಕೆ ಕಟ್ಟಿದ ಹಾಸಿಗೆ, ಡೇರೆ, ಊಟದ ಸಾಮಾನು, ಬೆನ್ನಿಗೆ ರೈಫಲ್ಲು. ರಾಕಿ ಪರ್ವತಗಳ ಹಿಮ, ಕೆಸರು, ಆಮೇಲೆ ನೆಬ್ರಾಸ್ಕಾದ ಮರಳು. ಸುಮಾರು 1,900 ಮೈಲಿ ತುಳಿದು ಜುಲೈ 24ಕ್ಕೆ ಸೇಂಟ್ ಲೂಯಿಸ್ ಮುಟ್ಟಿದರು. ಸೈನ್ಯ ಅವರನ್ನು ರೈಲಿನಲ್ಲಿ ವಾಪಸು ಕಳಿಸಿತು. ಮರುವರ್ಷ ಯುದ್ಧ ಬಂತು, ಸೈಕಲ್ ದಳ ಅಲ್ಲಿಗೆ ಮುಗಿಯಿತು. ಆ ಪಯಣದ ವಿವರ ನಮಗೆ ತಲುಪಿರುವುದು ಹೆಚ್ಚಾಗಿ ಅವರ ಬಿಳಿಯ ಅಧಿಕಾರಿ ಜೇಮ್ಸ್ ಮಾಸ್ ಬರೆದ ವರದಿಗಳಿಂದ, ಜೊತೆಗಿದ್ದ ಪತ್ರಕರ್ತನ ಸುದ್ದಿಗಳಿಂದ. ಕೆಸರಿನಲ್ಲಿ ಆ ಸೈಕಲ್ಲನ್ನು ನಿಲ್ಲಿಸುವುದು ಹೇಗಿತ್ತು ಎಂದು ತುಳಿದವರನ್ನು ಕೇಳಿ ಬರೆದುಕೊಂಡವರು ಎಷ್ಟು ಮಂದಿ?

ವ್ಯಾಪಾರದ ಕತೆಯನ್ನು ಬೇಗ ಹೇಳಿಬಿಡುತ್ತೇನೆ. 1979ರಲ್ಲಿ ಫಿಶರ್ ಮತ್ತು ಕೆಲ್ಲಿ ‘ಮೌಂಟನ್‌ಬೈಕ್ಸ್’ ಎಂಬ ಕಂಪನಿ ತೆರೆದು ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಸೈಕಲ್ಲಾಗಿಸಿ ಮಾರಿದರು. ಹೆಸರಿಗೆ ಟ್ರೇಡ್‌ಮಾರ್ಕು ಸಿಗಲಿಲ್ಲ, ಅದು ಎಲ್ಲರ ಪದವಾಯಿತು. ರಿಚಿಯ ಸೈಕಲ್ಲುಗಳನ್ನು ಕೊಂಡು ನೋಡಿದ ಸ್ಪೆಷಲೈಸ್ಡ್ ಕಂಪನಿಯ ಮೈಕ್ ಸಿನ್ಯಾರ್ಡ್ 1981ರಲ್ಲಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರನ್ನು 750 ಡಾಲರಿಗೆ ಮಾರಿದ. 1982ರಲ್ಲಿ ಶಿಮಾನೊ ಗುಡ್ಡದ ಸೈಕಲ್ಲಿಗೆಂದೇ ‘ಡಿಯೋರ್ ಎಕ್ಸ್‌ಟಿ’ ಬಿಡಿಭಾಗಗಳನ್ನು ತಂದಿತು. ಟ್ಯಾಂಡೆಮಿನಿಂದ, ಮೋಟಾರ್ ಸೈಕಲ್ಲಿನಿಂದ ಬಿಚ್ಚಿ ತರುವ ಕಾಲ ಮುಗಿಯಿತು. ಆ ದಶಕದ ಕೊನೆಗೆ ಮೋಟಾರ್ ಸೈಕಲ್ ಕೆಲಸದಲ್ಲಿ ಪಳಗಿದ ಪಾಲ್ ಟರ್ನರ್ ‘ರಾಕ್‌ಶಾಕ್ಸ್’ ಫೋರ್ಕು ತಂದ. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ವಿಶ್ವ ಚಾಂಪಿಯನ್‌ಶಿಪ್, 1996ರಲ್ಲಿ ಒಲಿಂಪಿಕ್ಸ್.

ಅದಕ್ಕಿಂತ ನನಗೆ ಹತ್ತಿರವಾದ ಕತೆ ಜಾಕ್ವಿ ಫೆಲನ್‌ಳದು. 1983ರಿಂದ ಸತತ ಮೂರು ವರ್ಷ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದವಳು. 1987ರಲ್ಲಿ ಆಕೆ ಹೆಂಗಸರಿಗಾಗಿ ಒಂದು ಸಂಘ ಕಟ್ಟಿದಳು, ಹೆಸರು ‘ಮಹಿಳೆಯರ ಮೌಂಟನ್ ಬೈಕ್ ಮತ್ತು ಟೀ ಸೊಸೈಟಿ’. ಧೂಳು, ಗಾಯ, ಗಂಡಸುತನ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಆಟದ ನಡುವೆ ಒಂದು ಕಪ್ ಚಹಾ ಇಟ್ಟ ಆ ಕುಚೋದ್ಯ ನೆನೆದರೆ ಈಗಲೂ ನಗು ಬರುತ್ತದೆ. ಕೆಲ್ಲಿಯ ‘ಫ್ಯಾಟ್ ಟಯರ್ ಫ್ಲೈಯರ್’ ಪತ್ರಿಕೆಯನ್ನು ಅವನ ಜೊತೆ ಸೇರಿ ಹುಟ್ಟುಹಾಕಿದವಳೂ ಹೆಂಗಸೇ, ಡೆನಿಸ್ ಕಾರಮಾನ್ಯೊ. 1980ರಿಂದ 87ರವರೆಗೆ ನಡೆದ ಆ ಪತ್ರಿಕೆಯಿಂದಾಗಿಯೇ ಮರಿನ್‌ನ ಪ್ರತಿ ಜಗಳ, ಪ್ರತಿ ಬೋಲ್ಟು ಅಚ್ಚಿನಲ್ಲಿ ಉಳಿದಿದೆ.

ನನ್ನ ಪಿಎಚ್‌ಡಿ ವಿಷಯ ಸಣ್ಣ ಊರುಗಳ ರಿಪೇರಿ ಕಸುಬು. ಎರಡು ವರ್ಷದಿಂದ ಹಳೆಯ ಮೆಕ್ಯಾನಿಕ್ಕುಗಳನ್ನು ಮಾತಾಡಿಸುತ್ತಿದ್ದೇನೆ. ಒಬ್ಬರು ಹಾಲಿನ ಕ್ಯಾನು ಹೊರಲು ಫೋರ್ಕಿಗೆ ಜೋಡಿ ಕಂಬಿ ಬೆಸೆದವರು. ಇನ್ನೊಬ್ಬರು ಸ್ಕೂಟರಿನ ಕೇಬಲ್ಲು ಕತ್ತರಿಸಿ ಕಾಲಿಲ್ಲದವರ ಮೂರು ಗಾಲಿಯ ಸೈಕಲ್ಲಿಗೆ ಕೈಬ್ರೇಕು ಕೂರಿಸಿದವರು. ಯಾವ ವರ್ಷ ಎಂದರೆ, ‘ಯಾವನಿಗೆ ಗೊತ್ತು ಮಾರಾಯ, ಆ ವರ್ಷ ಮಳೆ ಜಾಸ್ತಿ ಇತ್ತು’ ಎನ್ನುತ್ತಾರೆ. ಅಧ್ಯಾಯ ಓದಿದ ನನ್ನ ಗೈಡ್ ಅಂಚಿನಲ್ಲಿ ಬರೆದದ್ದು ಎರಡೇ ಪದ: ದಾಖಲೆ ಎಲ್ಲಿ? ಅವರದು ತಪ್ಪಲ್ಲ. ಕ್ಯುಪರ್ಟಿನೊದವರನ್ನೂ ಯಾರೋ ಹಾಗೇ ಕೇಳಿರಬಹುದು.

ಹೋದ ತಿಂಗಳು ಕಡೂರಿಗೆ ಹೋಗಿದ್ದೆ. ಮಾವ ಶಾಪು ಮುಚ್ಚಿ ಆರು ವರ್ಷವಾಯಿತು. ‘ಏನಾದರೂ ಬರೆದಿಟ್ಟಿದ್ದೀರಾ ಮಾವ?’ ಎಂದೆ. ‘ನಾನೇನು ಬರೀಲೋ, ಬಾಕಿ ಬರ್ಕೊಂಡಿದ್ದೆ ಅಷ್ಟೇ’ ಎಂದರು. ಅತ್ತೆ ಅಟ್ಟದಿಂದ ಇಳಿಸಿಕೊಟ್ಟದ್ದು ಹನ್ನೊಂದು ಉದ್ದನೆಯ ಪುಸ್ತಕಗಳು. ಕೆಂಪು ರಟ್ಟು, ಗ್ರೀಸಿನ ಬೆರಳಚ್ಚು. ಮೊದಲನೆಯದರ ಮೊದಲ ಪುಟದಲ್ಲಿ ತಾರೀಖು ಹಾಕಿ ಬರೆದಿದ್ದರು: ಪೋಸ್ಟ್‌ಮ್ಯಾನು, ಹಿಂದಿನ ಹಬ್ ಓವರಾಲಿಂಗ್, ಗುಂಡು ಒಂಬತ್ತು ಹೊಸದು, ಬಾಕಿ ನಾಲ್ಕು ರೂಪಾಯಿ.